ಚೆಂಡಿಗೆ ಒಂದೇ ತವರಿಲ್ಲ

ಫುಟ್‌ಬಾಲ್ ನೋಡಲೆಂದೇ ಕಡಲು ದಾಟಿ ಹೋಗುವವರು ನಮ್ಮಲ್ಲೂ ಹೆಚ್ಚುತ್ತಿದ್ದಾರೆ. ಮಗಳ ಪದವಿ ಪ್ರದಾನಕ್ಕೆಂದು ಇಂಗ್ಲೆಂಡಿಗೆ ಹೋದ ಅಪ್ಪ ಅಮ್ಮ ಕೂಡ ಒಂದು ದಿನವನ್ನು ಕ್ರೀಡಾಂಗಣಕ್ಕೆ ಮೀಸಲಿಡುತ್ತಾರೆ. ಹೆಚ್ಚಿನವರು ನೋಡಿಕೊಂಡು ಬರುವುದು ದೊಡ್ಡ ಕ್ಲಬ್ಬಿನ ಅಂಗಳ, ಟ್ರೋಫಿಗಳ ಕೋಣೆ, ಜೆರ್ಸಿ ಮಾರುವ ಮಳಿಗೆ. ಈ ಆಟ ಎಲ್ಲಿಂದ ಬಂತು ಎಂದು ಕೇಳಿದರೆ ಒಂದು ದೇಶದ ಹೆಸರು, ಒಂದು ಇಸವಿ ಥಟ್ಟನೆ ಸಿಗುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಫುಟ್‌ಬಾಲನ್ನು ಯಾರೋ ಒಬ್ಬರು, ಎಲ್ಲೋ ಒಂದು ಕಡೆ ಕಂಡುಹಿಡಿಯಲಿಲ್ಲ. ಬೇರೆ ಬೇರೆ ಊರುಗಳ ಜನ ಜಗಳವಾಡಿ, ರಾಜಿಗೆ ಬಂದು, ಮತ್ತೆ ಜಗಳವಾಡಿ ಕಟ್ಟಿದ ಆಟ ಅದು. ಆ ಜಗಳ, ಆ ರಾಜಿ ನಡೆದ ಜಾಗಗಳಲ್ಲಿ ಅನೇಕವು ಇಂದಿಗೂ ಇವೆ. ಕೆಲವು ಕಡೆ ಇಂದಿಗೂ ಚೆಂಡು ಉರುಳುತ್ತದೆ. ಅವನ್ನು ನೋಡಬೇಕೆಂದು ಹೊರಡುವವರು ಕೆಲವು ನಂಬಿಕೆಗಳನ್ನು ಮನೆಯಲ್ಲೇ ಬಿಟ್ಟು ಹೋದರೆ ಒಳ್ಳೆಯದು.

ತಪ್ಪು ಕಲ್ಪನೆ: ಫುಟ್‌ಬಾಲ್ ಹುಟ್ಟಿದ್ದು ಚೀನಾದಲ್ಲಿ, ಇಂಗ್ಲಿಷರು ಅದನ್ನು ಅಲ್ಲಿಂದ ಕಲಿತರು

ಈ ಮಾತಿನ ಮೊದಲರ್ಧಕ್ಕೆ ಬಲವಾದ ಆಧಾರವಿದೆ. ಕಾಲಿನಿಂದ ಚೆಂಡಾಡುವ ತ್ಸುಜು ಎಂಬ ಆಟ ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿತ್ತು. ಚೀ ರಾಜ್ಯದ ರಾಜಧಾನಿಯಾಗಿದ್ದ ಲಿಂಜಿ ನಗರದ ಸಿರಿವಂತಿಕೆಯನ್ನು ವರ್ಣಿಸುವ ಹಳೆಯ ಗ್ರಂಥವೊಂದು, ಅಲ್ಲಿನ ಜನ ವಾದ್ಯ ನುಡಿಸುವುದರ, ಕೋಳಿ ಕಾಳಗದ ಜೊತೆಗೆ ಚೆಂಡು ಒದೆಯುವುದನ್ನೂ ಹೇಳುತ್ತದೆ. ಹಾನ್ ಕಾಲದಲ್ಲಿ ಸೈನಿಕರ ತರಬೇತಿಯಲ್ಲೂ ಅದಕ್ಕೆ ಜಾಗವಿತ್ತು. ತಾಂಗ್ ಕಾಲಕ್ಕೆ ಕೂದಲು ತುರುಕಿದ ಚೆಂಡಿನ ಬದಲು ಗಾಳಿ ತುಂಬಿದ ಚೆಂಡು ಬಂತು. ಸೋಂಗ್ ಕಾಲದಲ್ಲಿ ಆಟವನ್ನೇ ವೃತ್ತಿ ಮಾಡಿಕೊಂಡವರ ಸಂಘಗಳಿದ್ದವು. 2004ರಲ್ಲಿ ಫಿಫಾ ಕೂಡ ಇದನ್ನು ಫುಟ್‌ಬಾಲಿನ ಅತ್ಯಂತ ಹಳೆಯ ರೂಪವೆಂದು ಒಪ್ಪಿಕೊಂಡಿತು. ಶಾನ್‌ದೋಂಗ್ ಪ್ರಾಂತ್ಯದ ಜಿಬೋ ನಗರಕ್ಕೆ ಸೇರಿದ ಲಿಂಜಿಯಲ್ಲಿ ಈಗ ಇದಕ್ಕೆಂದೇ ದೊಡ್ಡ ವಸ್ತುಸಂಗ್ರಹಾಲಯವಿದೆ.

ತಪ್ಪಿರುವುದು ಎರಡನೆಯ ಅರ್ಧದಲ್ಲಿ. ಮಿಂಗ್ ಕಾಲದಿಂದಾಚೆಗೆ ತ್ಸುಜು ಸೊರಗಿ ಮರೆಯಾಯಿತು. ಅಲ್ಲಿಂದ ಇಂಗ್ಲೆಂಡಿನ ಹೊಲಗದ್ದೆಗಳಿಗೆ ಅದು ದಾಟಿ ಬಂದದ್ದಕ್ಕೆ ಯಾವ ಕುರುಹೂ ಸಿಕ್ಕಿಲ್ಲ. ಸಂತತಿ ಉಳಿದದ್ದು ಇನ್ನೊಂದು ದಿಕ್ಕಿನಲ್ಲಿ. ಜಪಾನಿನ ಕೆಮಾರಿ ಚೀನಾದ ಆಟದಿಂದಲೇ ಬಂದದ್ದು. ಉದ್ದ ತೋಳಿನ ಹಳೆಯ ಆಸ್ಥಾನದ ಉಡುಪು ತೊಟ್ಟು, ವರ್ತುಲವಾಗಿ ನಿಂತು, ಜಿಂಕೆ ಚರ್ಮದ ಚೆಂಡನ್ನು ನೆಲಕ್ಕೆ ಬೀಳದಂತೆ ಒಬ್ಬರಿಂದ ಒಬ್ಬರಿಗೆ ಒದೆಯುವ ಆಟ ಅದು. ಸೋಲಿಲ್ಲ, ಗೆಲುವಿಲ್ಲ. ಮುಂದಿನವನಿಗೆ ಸುಲಭವಾಗಿ ಸಿಗುವಂತೆ ಚೆಂಡು ಕಳಿಸುವುದೇ ಜಾಣತನ. ಕ್ಯೋಟೋದ ಶಿಮೊಗಾಮೊ ದೇಗುಲದಲ್ಲಿ ಪ್ರತಿ ವರ್ಷ ಜನವರಿ 4ರಂದು ಇದನ್ನು ಆಡುತ್ತಾರೆ. ಚೆಂಡಾಟದ ದೇವರಿಗೇ ಹೆಸರಾದ ಶಿರಾಮಿನೆ ದೇಗುಲ ಅದೇ ನಗರದಲ್ಲಿದೆ. ಜಪಾನಿನ ಇಂದಿನ ಆಟಗಾರರು ಅಲ್ಲಿಗೆ ಚೆಂಡು ಅರ್ಪಿಸಿ ಕೈಮುಗಿದು ಹೋಗುತ್ತಾರೆ. ಗೋಲು ಹೊಡೆಯುವ ಹಂಬಲವಿಲ್ಲದೆಯೂ ಚೆಂಡು ಮನುಷ್ಯನನ್ನು ಎಷ್ಟು ಕಟ್ಟಿಹಾಕಬಲ್ಲದು ಎಂದು ಕಾಣಬೇಕಾದರೆ ಕೆಮಾರಿಯನ್ನೇ ನೋಡಬೇಕು.

ಹಾಗಾಗಿ ಲಿಂಜಿಗೆ ಹೋಗುವವರು ಖಂಡಿತ ಹೋಗಲಿ. ಆದರೆ ಅಲ್ಲಿಂದ ವೆಂಬ್ಲಿಗೆ ನೇರ ಗೆರೆ ಎಳೆಯುವುದು ಬೇಡ.

ತಪ್ಪು ಕಲ್ಪನೆ: ಕಡಿದ ತಲೆಯನ್ನು ಒದ್ದದ್ದೇ ಇಂಗ್ಲಿಷ್ ಫುಟ್‌ಬಾಲಿನ ಆರಂಭ

ಸೋತ ಡೇನಿಷ್ ರಾಜಕುಮಾರನ ರುಂಡವನ್ನು ಊರವರು ಬೀದಿಯಲ್ಲಿ ಒದ್ದು ಆಡಿದರು ಎಂಬ ಕಥೆಯನ್ನು ಚೆಸ್ಟರ್‌ನಲ್ಲೂ ಹೇಳುತ್ತಾರೆ, ಕಿಂಗ್‌ಸ್ಟನ್‌ನಲ್ಲೂ ಹೇಳುತ್ತಾರೆ. ಒಂದೇ ಕಥೆ ಎರಡು ಊರಿಗೆ ಅಂಟಿಕೊಂಡಿರುವುದೇ ಅದರ ಸ್ವಭಾವವನ್ನು ಹೇಳುತ್ತದೆ. ಇದು ನಡೆದದ್ದಕ್ಕೆ ದಾಖಲೆಯಿಲ್ಲ. ದಾಖಲೆಯಲ್ಲಿ ಸಿಗುವ ಚಿತ್ರ ಇದಕ್ಕಿಂತ ಎಷ್ಟೋ ಸೊಗಸು. ಹನ್ನೆರಡನೆಯ ಶತಮಾನದ ಲಂಡನ್ನನ್ನು ಬಣ್ಣಿಸಿದ ವಿಲಿಯಂ ಫಿಟ್ಸ್‌ಸ್ಟೀಫನ್, ಈಸ್ಟರ್ ಹಬ್ಬದ ಉಪವಾಸ ಶುರುವಾಗುವ ಮುಂಚಿನ ಮಂಗಳವಾರ ಊಟ ಮುಗಿಸಿ ಹುಡುಗರೆಲ್ಲ ಬಯಲಿಗೆ ಹೋಗಿ ಚೆಂಡಾಡುತ್ತಿದ್ದರೆಂದೂ, ಹಿರಿಯರು ಕುದುರೆಯೇರಿ ನೋಡಲು ಬರುತ್ತಿದ್ದರೆಂದೂ, ನೋಡುತ್ತ ನೋಡುತ್ತ ಅವರಿಗೂ ಹುರುಪು ಬರುತ್ತಿತ್ತೆಂದೂ ಬರೆದಿದ್ದಾನೆ. ಆಟಗಾರರ ಜೊತೆಗೆ ಪ್ರೇಕ್ಷಕರೂ ಆಗಲೇ ಇದ್ದರು!

ತಪ್ಪು ಕಲ್ಪನೆ: ಊರಿಗೆ ಊರೇ ಆಡುತ್ತಿದ್ದ ಹಳೆಯ ಫುಟ್‌ಬಾಲ್ ಬರೀ ದೊಂಬಿ, ಅದು ಎಂದೋ ಸತ್ತುಹೋಯಿತು

ದೊಂಬಿಯೆಂದು ಆಳುವವರು ಭಾವಿಸಿದ್ದು ನಿಜ. 1314ರಲ್ಲಿ ಲಂಡನ್ನಿನ ಮೇಯರ್ ನಗರದೊಳಗೆ ಆಟವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. 1424ರಲ್ಲಿ ಸ್ಕಾಟ್ಲೆಂಡಿನ ಒಂದನೇ ಜೇಮ್ಸ್ ಕಾಯ್ದೆಯನ್ನೇ ತಂದ. ಜನ ಬಿಲ್ಲುವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬಿದ್ದರೆ ಯುದ್ಧಕ್ಕೆ ಯಾರು ಎಂಬ ಚಿಂತೆ ರಾಜರಿಗೆ. ಇಷ್ಟು ಸಲ ನಿಷೇಧಿಸಬೇಕಾಯಿತು ಎಂದರೆ ಯಾರೂ ಆಡುವುದನ್ನು ಬಿಡಲಿಲ್ಲ ಎಂದೇ ಅರ್ಥ. ಆಟವನ್ನು ನಿಜವಾಗಿ ಕುಗ್ಗಿಸಿದ್ದು ಹತ್ತೊಂಬತ್ತನೆಯ ಶತಮಾನ. ಸಾರ್ವಜನಿಕ ರಸ್ತೆಯಲ್ಲಿ ಫುಟ್‌ಬಾಲ್ ಆಡಿದರೆ ದಂಡ ಎಂದು 1835ರ ಹೆದ್ದಾರಿ ಕಾಯ್ದೆ ಹೇಳಿತು. ಪೊಲೀಸರು ಬಂದರು, ಬಯಲುಗಳಿಗೆ ಬೇಲಿ ಬಿತ್ತು, ಕಾರ್ಖಾನೆಗಳು ಜನರ ಬಿಡುವನ್ನು ಕಿತ್ತುಕೊಂಡವು.

ಆದರೂ ಡರ್ಬಿಶೈರಿನ ಆಶ್‌ಬರ್ನ್ ಎಂಬ ಪುಟ್ಟ ಪಟ್ಟಣ ಸೋಲೊಪ್ಪಲಿಲ್ಲ. ಅಲ್ಲಿ ಇಂದಿಗೂ ಪ್ರತಿ ವರ್ಷ ಶ್ರೋವ್ ಟ್ಯೂಸ್‌ಡೇ, ಅಂದರೆ ಉಪವಾಸಕ್ಕೆ ಮುಂಚಿನ ಅದೇ ಮಂಗಳವಾರ, ಮತ್ತು ಮರುದಿನದ ಬುಧವಾರ ಆಟ ನಡೆಯುತ್ತದೆ. ಊರ ನಡುವೆ ಹೆನ್‌ಮೋರ್ ಎಂಬ ಹಳ್ಳ. ಅದರ ಉತ್ತರಕ್ಕೆ ಹುಟ್ಟಿದವರು ಅಪರ್ಡ್ಸ್, ದಕ್ಷಿಣಕ್ಕೆ ಹುಟ್ಟಿದವರು ಡೌನರ್ಡ್ಸ್. ತಂಡಕ್ಕೆ ಇಷ್ಟೇ ಜನ ಎಂಬ ಮಿತಿಯಿಲ್ಲ. ಎರಡು ಗೋಲುಗಳ ನಡುವಿನ ದೂರ ಮೂರು ಮೈಲಿ. ಒಂದು ಸ್ಟರ್ಸ್‌ಟನ್‌ನ ಹಳೆಯ ಗಿರಣಿಯಿದ್ದ ಜಾಗ, ಇನ್ನೊಂದು ಕ್ಲಿಫ್ಟನ್‌ನದ್ದು. ಹಳ್ಳದ ನೀರಿನಲ್ಲಿ ನಿಂತು ಬೀಸುಗಲ್ಲಿಗೆ ಚೆಂಡನ್ನು ಮೂರು ಸಲ ಬಡಿದರೆ ಗೋಲು. ನೀರಿಗೆ ಬಿದ್ದಾಗ ತೇಲಲೆಂದು ಚೆಂಡಿನೊಳಗೆ ಬೆಂಡು ತುಂಬಿರುತ್ತಾರೆ, ಮೇಲೆ ಬಣ್ಣದ ಚಿತ್ರ ಬರೆದಿರುತ್ತಾರೆ. ಗೋಲು ಹೊಡೆದವನಿಗೆ ಆ ಚೆಂಡೇ ಬಹುಮಾನ. ಮಧ್ಯಾಹ್ನ ಎರಡಕ್ಕೆ ಶಾಕ್ರಾಫ್ಟ್ ಕಾರ್ ಪಾರ್ಕಿನ ಕಟ್ಟೆಯ ಮೇಲಿಂದ ಚೆಂಡನ್ನು ಜನರ ನಡುವೆ ಎಸೆದರೆ ರಾತ್ರಿ ಹತ್ತರವರೆಗೂ ಆಟ. ಅಂಗಡಿಯವರು ಆ ಎರಡು ದಿನ ಕಿಟಕಿ ಬಾಗಿಲುಗಳಿಗೆ ಹಲಗೆ ಹೊಡೆದುಕೊಳ್ಳುತ್ತಾರೆ. 1928ರಲ್ಲಿ ಚೆಂಡು ಎಸೆದದ್ದು ಅಂದಿನ ವೇಲ್ಸ್ ರಾಜಕುಮಾರ ಎಡ್ವರ್ಡ್. 2003ರಲ್ಲಿ ಅದೇ ಪದವಿಯಲ್ಲಿದ್ದ ಚಾರ್ಲ್ಸ್.

ನಿಯಮವಿಲ್ಲದ ಆಟ ಎನ್ನುವವರು ಆಶ್‌ಬರ್ನಿನ ನಿಯಮಗಳನ್ನು ಓದಬೇಕು. ಕೊಲೆ ಮಾಡುವಂತಿಲ್ಲ, ಚೆಂಡನ್ನು ವಾಹನದಲ್ಲಿ ಸಾಗಿಸುವಂತಿಲ್ಲ, ಚೀಲದಲ್ಲೋ ಅಂಗಿಯೊಳಗೋ ಬಚ್ಚಿಡುವಂತಿಲ್ಲ, ಚರ್ಚಿನ ಆವರಣಕ್ಕೂ ಸ್ಮಶಾನಕ್ಕೂ ನುಗ್ಗುವಂತಿಲ್ಲ. ಇವು ಆ ಊರಿಗೆ ಬೇಕಾದ ನಿಯಮಗಳು. ಆಫ್‌ಸೈಡ್ ಇಲ್ಲದಿದ್ದರೇನು, ಎಲ್ಲರಿಗೂ ಗೊತ್ತಿರುವ, ಎಲ್ಲರೂ ಪಾಲಿಸುವ ಕಟ್ಟುಪಾಡು ಇದೆ. ಹೊರಗಿನವರು ನೋಡಬಹುದು, ಆದರೆ ಗುಂಪು ಯಾವ ಕ್ಷಣದಲ್ಲಿ ಯಾವ ಓಣಿಗೆ ನುಗ್ಗುತ್ತದೆಂದು ಹೇಳಲಾಗದು. ಮಕ್ಕಳನ್ನು ಕರೆದುಕೊಂಡು ಹೋದವರು ದೂರದಿಂದಲೇ ನೋಡಬೇಕು.

ಸ್ಕಾಟ್ಲೆಂಡಿನ ತುತ್ತತುದಿಯ ಓರ್ಕ್ನಿ ದ್ವೀಪಗಳಿಗೆ ಹೋಗುವ ಛಲವಿದ್ದವರಿಗೆ ಕರ್ಕ್‌ವಾಲ್ ಪಟ್ಟಣದಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ದಿನ ಇದೇ ಬಗೆಯ ಆಟವುಂಟು. ಅದೂ ಜೀವಂತ.

ತಪ್ಪು ಕಲ್ಪನೆ: ಇಂದಿನ ಫುಟ್‌ಬಾಲ್ ಫ್ಲಾರೆನ್ಸಿನ ಕಾಲ್ಚೋದಿಂದ ಬಂದದ್ದು

ಇಟಲಿಯ ಗೈಡುಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಜೂನ್ ತಿಂಗಳಲ್ಲಿ ಸಾಂತಾ ಕ್ರೋಚೆ ಚೌಕಕ್ಕೆ ಮರಳು ಸುರಿದು ನಾಲ್ಕು ಪೇಟೆಗಳ ತಂಡಗಳು ಆಡುವ ಕಾಲ್ಚೋ ಸ್ತೋರಿಕೋದಲ್ಲಿ ಒಂದೊಂದು ಕಡೆ 27 ಜನ. ಕೈ, ಕಾಲು, ಕುಸ್ತಿ, ಮುಷ್ಟಿಯುದ್ಧ ಎಲ್ಲವೂ ಉಂಟು. ನಗರಕ್ಕೆ ಶತ್ರುಗಳು ಮುತ್ತಿಗೆ ಹಾಕಿದ್ದಾಗ, 1530ರ ಫೆಬ್ರವರಿಯಲ್ಲಿ, ನಾವು ಹೆದರಿಲ್ಲ ಎಂದು ತೋರಿಸಲು ಫ್ಲಾರೆನ್ಸಿನವರು ಆಡಿದ ಪಂದ್ಯದ ನೆನಪು ಅದು. ನೋಡಲೇಬೇಕಾದ ಆಟ, ಸಂಶಯವಿಲ್ಲ. ಆದರೆ ಇಂದಿನ ಇಟಲಿಯ ಫುಟ್‌ಬಾಲ್ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಬಂದರು ಮತ್ತು ಕೈಗಾರಿಕಾ ನಗರಗಳಲ್ಲಿ ನೆಲೆಸಿದ್ದ ಬ್ರಿಟಿಷರಿಂದ. ಜಿನೋವಾ ಕ್ಲಬ್ ಹುಟ್ಟಿದ್ದು 1893ರಲ್ಲಿ. ಮಿಲಾನ್ ಕ್ಲಬ್ಬನ್ನು 1899ರಲ್ಲಿ ಕಟ್ಟಿದವರಲ್ಲಿ ಮುಖ್ಯನಾದ ಹರ್ಬರ್ಟ್ ಕಿಲ್ಪಿನ್ ನಾಟಿಂಗ್‌ಹ್ಯಾಮಿನವನು.

ತಪ್ಪು ಕಲ್ಪನೆ: 1863ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಇಂದಿನ ಆಟ ಸಿದ್ಧವಾಯಿತು

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. ಇದನ್ನು ಬಿಡಿಸಿ ನೋಡಿದರೆ ಆಟದ ನಿಜವಾದ ಕಥೆ ಕೈಗೆ ಸಿಗುತ್ತದೆ.

1863ರ ಅಕ್ಟೋಬರ್ 26ರಂದು ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಕೆಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಇದಕ್ಕೆ ಮುಂದಾದವರು ಬಾರ್ನ್ಸ್‌ನ ವಕೀಲ ಎಬನೀಜರ್ ಕಾಬ್ ಮಾರ್ಲಿ. ಅಂದು ನಿಯಮ ಸಿದ್ಧವಾಗಲಿಲ್ಲ. ಡಿಸೆಂಬರ್‌ವರೆಗೆ ಒಟ್ಟು ಆರು ಸಭೆ ನಡೆದವು, ಕಾವೇರಿದ ವಾದ ನಡೆಯಿತು. ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯಬಹುದೇ ಬಾರದೇ ಎಂಬುದೇ ದೊಡ್ಡ ಪ್ರಶ್ನೆ. ಒದೆಯುವುದನ್ನು ತೆಗೆದುಹಾಕಿದರೆ ಆಟದ ಗಂಡುತನವೇ ಹೋಗುತ್ತದೆ, ಒಂದು ವಾರ ಅಭ್ಯಾಸ ಮಾಡಿದ ಫ್ರೆಂಚರೂ ನಿಮ್ಮನ್ನು ಸೋಲಿಸಿಯಾರು ಎಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನ ಪ್ರತಿನಿಧಿ ಹಟ ಹಿಡಿದರು. ಬಹುಮತ ಒಪ್ಪಲಿಲ್ಲ, ಬ್ಲ್ಯಾಕ್‌ಹೀತ್ ಹೊರನಡೆಯಿತು, ಮುಂದೆ ರಗ್ಬಿ ಒಕ್ಕೂಟ ಕಟ್ಟಿದವರಲ್ಲಿ ಒಂದಾಯಿತು. ಇಂದು ನಾವು ನೋಡುವ ಎರಡು ದೊಡ್ಡ ಆಟಗಳ ದಾರಿ ಕವಲೊಡೆದದ್ದು ಈ ಜಗಳದಿಂದ.

ಆ ಡಿಸೆಂಬರಿನಲ್ಲಿ ಒಪ್ಪಿದ ನಿಯಮಗಳಂತೆ ಆಡಿದ ಪಂದ್ಯವನ್ನು ಇಂದಿನ ಅಭಿಮಾನಿ ನೋಡಿದರೆ ಫುಟ್‌ಬಾಲ್ ಎಂದು ಗುರುತಿಸುವುದೇ ಕಷ್ಟ. ಹಾರಿ ಬಂದ ಚೆಂಡನ್ನು ಯಾರು ಬೇಕಾದರೂ ಕೈಯಲ್ಲಿ ಹಿಡಿದು ಫ್ರೀ ಕಿಕ್ ಪಡೆಯಬಹುದಿತ್ತು. ಗೋಲ್‌ಕೀಪರ್ ಎಂಬ ಮಾತೇ ಇಲ್ಲ. ಕ್ರಾಸ್‌ಬಾರ್ ಇಲ್ಲ; ಎರಡು ಕಂಬಗಳ ನಡುವೆ ಎಷ್ಟೇ ಎತ್ತರದಲ್ಲಿ ಹೋದರೂ ಗೋಲು. ಚೆಂಡಿಗಿಂತ ಮುಂದೆ ಇದ್ದವನೆಲ್ಲ ಆಫ್‌ಸೈಡ್. ಹೀಗಾಗಿ ಮುಂದಕ್ಕೆ ಪಾಸ್ ಕೊಡುವುದೇ ಸಾಧ್ಯವಿರಲಿಲ್ಲ. ಅದೇ ತಿಂಗಳ 19ರಂದು ಮಾರ್ಟ್‌ಲೇಕ್‌ನಲ್ಲಿ ಬಾರ್ನ್ಸ್ ಮತ್ತು ರಿಚ್ಮಂಡ್ ಈ ನಿಯಮದಂತೆ ಆಡಿ ಗೋಲಿಲ್ಲದೆ ಮುಗಿಸಿದವು.

ಕಾರ್ನರ್ ಕಿಕ್, ಫೌಲ್‌ಗೆ ಫ್ರೀ ಕಿಕ್, ಗಟ್ಟಿ ಕ್ರಾಸ್‌ಬಾರ್ ಇವೆಲ್ಲ ಬೆಳೆದದ್ದು ಉಕ್ಕಿನ ಊರು ಶೆಫೀಲ್ಡ್‌ನಲ್ಲಿ. ಕ್ರಿಕೆಟ್ ಆಡುತ್ತಿದ್ದ ನಥಾನಿಯಲ್ ಕ್ರೆಸ್ವಿಕ್ ಮತ್ತು ವಿಲಿಯಂ ಪ್ರೆಸ್ಟ್ ಎಂಬ ಇಬ್ಬರು ಗೆಳೆಯರು 1857ರ ಅಕ್ಟೋಬರ್ 24ರಂದು ಶೆಫೀಲ್ಡ್ ಫುಟ್‌ಬಾಲ್ ಕ್ಲಬ್ ಆರಂಭಿಸಿದರು. ಇಂದಿಗೂ ಆಡುತ್ತಿರುವ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಜಗತ್ತಿನಲ್ಲೇ ಹಳೆಯದು ಅದು. ಮರುವರ್ಷ ಅವರು ತಮ್ಮದೇ ನಿಯಮ ಬರೆದುಕೊಂಡರು, ಅಂದರೆ ಲಂಡನ್ನಿನವರಿಗಿಂತ ಐದು ವರ್ಷ ಮೊದಲೇ. 1866ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನಲ್ಲಿ ಎರಡು ನಗರಗಳ ತಂಡಗಳು ಎದುರಾದವು. ಆಟದ ಅವಧಿ ಒಂದೂವರೆ ಗಂಟೆ ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಎರಡೂ ಕಡೆಯ ನಿಯಮಗಳು ಒಂದಕ್ಕೊಂದು ಹತ್ತಿರವಾಗುತ್ತ ಬಂದು ಪೂರ್ಣವಾಗಿ ಒಂದಾದದ್ದು 1877ರಲ್ಲಿ. 1863ರ ಸಭೆಗೆ ಎಷ್ಟು ಗೌರವ ಸಲ್ಲುತ್ತದೋ ಅಷ್ಟೇ ಗೌರವ ಶೆಫೀಲ್ಡ್‌ಗೂ ಸಲ್ಲಬೇಕು. ಸಂದಿಲ್ಲ ಎಂಬುದು ನನ್ನ ನಿಜವಾದ ಕೊರಗು.

ಪ್ರವಾಸಿಗೆ ಇಲ್ಲಿ ಕೆಲವು ಕಿವಿಮಾತು ಬೇಕು. ಲಂಡನ್ನಿನ ಲಾಂಗ್ ಏಕರ್‌ನಲ್ಲಿ ಫ್ರೀಮೇಸನ್ಸ್ ಆರ್ಮ್ಸ್ ಎಂಬ ಪಬ್ ಇದೆ. ಹೆಸರು ಹೆಚ್ಚುಕಡಿಮೆ ಒಂದೇ ಆದ್ದರಿಂದ ಆಟ ಹುಟ್ಟಿದ್ದು ಅಲ್ಲೇ ಎಂದು ನಂಬಿ ಫೋಟೋ ತೆಗೆಸಿಕೊಳ್ಳುವವರು ಬಹಳ. ಸಭೆ ನಡೆದದ್ದು ಅಲ್ಲಲ್ಲ, ಹತ್ತಿರದ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ. ಹಳೆಯ ಟ್ಯಾವರ್ನ್ ಉಳಿದಿಲ್ಲ, ಆ ಜಾಗದಲ್ಲಿ ಈಗ ಕನಾಟ್ ರೂಮ್ಸ್ ಕಟ್ಟಡವಿದೆ. ಮಾರ್ಲಿಯವರ ಸಮಾಧಿ ಬಾರ್ನ್ಸ್‌ನ ಹಳೆಯ ಸ್ಮಶಾನದಲ್ಲಿ ಗಿಡಗಂಟಿಗಳ ನಡುವೆ ಇದೆ. ಕೋಟ್ಯಂತರ ಜನ ಆಡುವ ಆಟಕ್ಕೆ ಲಿಖಿತ ರೂಪ ಕೊಟ್ಟವರಿಗೆ ಇಷ್ಟು ಕಡಿಮೆ ಆದರ ಏಕೆಂದು ನೋಡಿದವರಿಗೆ ಬೇಸರವಾಗುತ್ತದೆ.

ಶೆಫೀಲ್ಡ್‌ನಲ್ಲಿ ನೋಡಬೇಕಾದದ್ದು ಸ್ಯಾಂಡಿಗೇಟ್. 1860ರಲ್ಲಿ ಹುಟ್ಟಿದ ಹ್ಯಾಲಮ್ ಕ್ಲಬ್ಬಿನ ಈ ಮೈದಾನ ಜಗತ್ತಿನ ಅತಿ ಹಳೆಯ ಫುಟ್‌ಬಾಲ್ ಮೈದಾನ ಎಂದು ಗಿನ್ನೆಸ್ ದಾಖಲೆಯಲ್ಲಿದೆ. 1860ರ ಡಿಸೆಂಬರ್ 26ರಂದು ಶೆಫೀಲ್ಡ್ ಮತ್ತು ಹ್ಯಾಲಮ್ ಇಲ್ಲೇ ಮೊದಲ ಬಾರಿಗೆ ಎದುರಾದವು. ನಗರದ ಪಶ್ಚಿಮಕ್ಕೆ, ಗುಡ್ಡದ ಮೇಲಿನ ಕ್ರಾಸ್‌ಪೂಲ್ ಬಡಾವಣೆಯಲ್ಲಿದೆ; ಅಂಕಣ ಇಂದಿಗೂ ಇಳಿಜಾರು. ಶೆಫೀಲ್ಡ್ ಕ್ಲಬ್ 2001ರಿಂದ ಪಕ್ಕದ ಡ್ರಾನ್‌ಫೀಲ್ಡ್‌ನಲ್ಲಿ, ಕೋಚ್ ಅಂಡ್ ಹಾರ್ಸಸ್ ಎಂಬ ಪಬ್ಬಿನ ಹಿಂದಿನ ಮೈದಾನದಲ್ಲಿ ಆಡುತ್ತದೆ. ರಿಯಲ್ ಮ್ಯಾಡ್ರಿಡ್ ಜೊತೆಗೆ ಫಿಫಾದ ಆರ್ಡರ್ ಆಫ್ ಮೆರಿಟ್ ಪಡೆದ ಕ್ಲಬ್ ಇದು. ಆದರೆ 2011ರಲ್ಲಿ ಹಣದ ಅಗತ್ಯಕ್ಕಾಗಿ ತನ್ನ ಕೈಬರಹದ ಮೂಲ ನಿಯಮ ಪುಸ್ತಕವನ್ನೂ ಹಳೆಯ ದಾಖಲೆಗಳನ್ನೂ ಹರಾಜಿಗಿಡಬೇಕಾಯಿತು. ಎಂಟು ಲಕ್ಷ ಪೌಂಡಿಗೂ ಹೆಚ್ಚು ಹಣಕ್ಕೆ ಅವು ಮಾರಾಟವಾದವು.

ತಪ್ಪು ಕಲ್ಪನೆ: ಪಾಸ್ ಕೊಟ್ಟು ಆಡುವುದನ್ನು ಇಂಗ್ಲಿಷರು ಜಗತ್ತಿಗೆ ಕಲಿಸಿದರು

ಮೊದಲ ಕಾಲದ ಇಂಗ್ಲಿಷ್ ಆಟಗಾರ ಚೆಂಡು ಸಿಕ್ಕರೆ ತಲೆ ಬಗ್ಗಿಸಿಕೊಂಡು ತಾನೇ ಡ್ರಿಬಲ್ ಮಾಡುತ್ತ ನುಗ್ಗುತ್ತಿದ್ದ. ಉಳಿದವರು ಅವನ ಹಿಂದೆ ಓಡುತ್ತಿದ್ದರು. ಇದನ್ನು ಬದಲಿಸುವುದರಲ್ಲಿ ದೊಡ್ಡ ಪಾಲು ಸ್ಕಾಟ್ಲೆಂಡಿನವರದು, ಅದರಲ್ಲೂ 1867ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಕ್ವೀನ್ಸ್ ಪಾರ್ಕ್ ಕ್ಲಬ್ಬಿನದು.

1872ರ ನವೆಂಬರ್ 30ರಂದು ಗ್ಲಾಸ್ಗೋದ ಪಾರ್ಟಿಕ್‌ನಲ್ಲಿ, ಹ್ಯಾಮಿಲ್ಟನ್ ಕ್ರೆಸೆಂಟ್ ಎಂಬ ಕ್ರಿಕೆಟ್ ಮೈದಾನದಲ್ಲಿ ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಸುಮಾರು 4,000 ಜನ ಒಂದು ಶಿಲ್ಲಿಂಗ್ ಕೊಟ್ಟು ಒಳಗೆ ಬಂದಿದ್ದರು. ಸ್ಕಾಟ್ಲೆಂಡಿನ ಹನ್ನೊಂದೂ ಆಟಗಾರರು ಕ್ವೀನ್ಸ್ ಪಾರ್ಕಿನವರೇ. ಇಂಗ್ಲೆಂಡಿನವರು ಮೈಕಟ್ಟಿನಲ್ಲಿ ದೊಡ್ಡವರು, ಎಂಟು ಮಂದಿಯನ್ನು ಮುಂದಕ್ಕೆ ನಿಲ್ಲಿಸಿದ್ದರು. ಒಟ್ಟಿಗೆ ಆಡಿ ರೂಢಿಯಿದ್ದ ಸ್ಕಾಟರು ಪರಸ್ಪರ ಚೆಂಡು ದಾಟಿಸುತ್ತ ಅವರನ್ನು ತಡೆದರು. ಗೋಲಿಲ್ಲದೆ ಪಂದ್ಯ ಮುಗಿಯಿತು. ಮುಂದಿನ ವರ್ಷಗಳಲ್ಲಿ ಸ್ಕಾಟ್ಲೆಂಡ್ ಮತ್ತೆ ಮತ್ತೆ ಗೆದ್ದಿತು, ಇಂಗ್ಲೆಂಡಿನ ಕ್ಲಬ್ಬುಗಳು ಸ್ಕಾಟಿಷ್ ಆಟಗಾರರನ್ನು ಹಣ ಕೊಟ್ಟು ಕರೆಸಿಕೊಳ್ಳತೊಡಗಿದವು.

ಹ್ಯಾಮಿಲ್ಟನ್ ಕ್ರೆಸೆಂಟ್ ಇಂದಿಗೂ ಕ್ರಿಕೆಟ್ ಮೈದಾನವಾಗಿಯೇ ಇದೆ. ಗ್ಲಾಸ್ಗೋಗೆ ಹೋದವರು ಹ್ಯಾಂಪ್‌ಡನ್ ಪಾರ್ಕಿನ ಸ್ಕಾಟಿಷ್ ಫುಟ್‌ಬಾಲ್ ವಸ್ತುಸಂಗ್ರಹಾಲಯವನ್ನು ಬಿಡಬಾರದು. ರೈಲಿನಲ್ಲಿ ಹತ್ತಿರದ ಸ್ಟರ್ಲಿಂಗ್‌ಗೂ ಹೋಗಬಹುದು. ಅಲ್ಲಿನ ಕೋಟೆಯಲ್ಲಿ ರಾಣಿ ಮೇರಿಯ ಕೋಣೆಯ ಸೂರಿನ ಹಲಗೆಗಳ ಹಿಂದೆ ಸಿಕ್ಕ ಚೆಂಡೊಂದನ್ನು ಸ್ಮಿತ್ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಹಂದಿಯ ಮೂತ್ರಕೋಶಕ್ಕೆ ಚರ್ಮ ಹೊದಿಸಿ ಹೊಲಿದ ಅದು 1540ರ ಸುಮಾರಿನದು. ಉಳಿದಿರುವ ಫುಟ್‌ಬಾಲುಗಳಲ್ಲಿ ಅತಿ ಹಳೆಯದೆಂದು ಹೆಸರಾಗಿದೆ.

ತಪ್ಪು ಕಲ್ಪನೆ: ಹೆಣ್ಣುಮಕ್ಕಳ ಫುಟ್‌ಬಾಲ್ ಈಚಿನ ಬೆಳವಣಿಗೆ

1895ರ ಮಾರ್ಚ್‌ನಲ್ಲೇ ಲಂಡನ್ನಿನ ಕ್ರೌಚ್ ಎಂಡ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸಾವಿರಾರು ಜನ ಸೇರಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಕಾರ್ಖಾನೆ ಸೇರಿದ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಚೆಂಡಾಡತೊಡಗಿದರು. ಪ್ರೆಸ್ಟನ್ನಿನ ಡಿಕ್ ಕೆರ್ ಕಾರ್ಖಾನೆಯ ತಂಡ ಹುಟ್ಟಿದ್ದು ಹಾಗೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಸೇರಿದ್ದವರು ಸುಮಾರು 53,000. ಜಾಗ ಸಾಲದೆ ಇನ್ನೂ ಸಾವಿರಾರು ಜನ ಬಾಗಿಲಾಚೆ ಉಳಿದರು. ಬಂದ ಹಣ ಯುದ್ಧದಲ್ಲಿ ಗಾಯಗೊಂಡವರಿಗೆ ಹೋಯಿತು.

ಒಂದು ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ಫುಟ್‌ಬಾಲ್ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಅರ್ಧ ಶತಮಾನ ಆ ಬಾಗಿಲು ತೆರೆಯಲಿಲ್ಲ. ಮಹಿಳಾ ಫುಟ್‌ಬಾಲಿಗೆ ಜನ ಬರುವುದಿಲ್ಲ ಎನ್ನುವವರು ಈ ಚರಿತ್ರೆಯನ್ನು ತಿಳಿಯಬೇಕು: ಜನ ಬಂದಿದ್ದರು, ಬಂದವರನ್ನು ತಡೆದದ್ದು ಆಡಳಿತ. ಇದು ದೊಡ್ಡ ಅನ್ಯಾಯ, ಎಷ್ಟು ಸಲ ಹೇಳಿದರೂ ಸಾಲದು. ಡಿಕ್ ಕೆರ್ ತಂಡದ ಆಟಗಾರ್ತಿ ಲಿಲಿ ಪಾರ್ ಅವರ ಪ್ರತಿಮೆ ಮ್ಯಾಂಚೆಸ್ಟರಿನ ರಾಷ್ಟ್ರೀಯ ಫುಟ್‌ಬಾಲ್ ವಸ್ತುಸಂಗ್ರಹಾಲಯದಲ್ಲಿದೆ. ಎವರ್ಟನ್ ಪುರುಷರ ತಂಡ 2025ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹೋದ ಮೇಲೆ ಗುಡಿಸನ್ ಪಾರ್ಕ್ ಎವರ್ಟನ್ ಮಹಿಳೆಯರ ತವರು ಮೈದಾನವಾಗಿದೆ. ಲಿವರ್‌ಪೂಲ್‌ಗೆ ಹೋದವರು ಅಲ್ಲಿ ಒಂದು ಪಂದ್ಯ ನೋಡಲಿ.

ತಪ್ಪು ಕಲ್ಪನೆ: ಬರಿಗಾಲಲ್ಲಿ ಆಡುತ್ತಾರೆಂದು ಭಾರತವನ್ನು 1950ರ ವಿಶ್ವಕಪ್ಪಿನಿಂದ ಹೊರಗಿಟ್ಟರು

ನಮ್ಮ ದೇಶದಲ್ಲಿ ಇದನ್ನು ಕೇಳದವರಿಲ್ಲ. ನಡೆದದ್ದು ಬೇರೆ. ಅರ್ಹತಾ ಗುಂಪಿನ ಬೇರೆ ತಂಡಗಳು ಹಿಂದೆ ಸರಿದದ್ದರಿಂದ ಭಾರತಕ್ಕೆ ಬ್ರೆಜಿಲ್‌ನ ವಿಶ್ವಕಪ್ಪಿನಲ್ಲಿ ಜಾಗ ಸಿಕ್ಕಿತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿಗೆ ಹೆಸರೂ ಸೇರಿತು. ಹೋಗದಿರಲು ನಿರ್ಧರಿಸಿದ್ದು ನಮ್ಮದೇ ಫುಟ್‌ಬಾಲ್ ಒಕ್ಕೂಟ. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯವಿಲ್ಲ ಎಂಬ ಕಾರಣಗಳನ್ನು ಕೊಟ್ಟರು. ಅಂದು ನಮ್ಮವರಿಗೆ ಒಲಿಂಪಿಕ್ಸ್ ದೊಡ್ಡದಾಗಿತ್ತು, ವಿಶ್ವಕಪ್ಪಿನ ಮಹತ್ವ ತಿಳಿದಿರಲಿಲ್ಲ ಎಂದು ನಾಯಕರಾಗಿದ್ದ ಶೈಲೇನ್ ಮನ್ನಾ ಮುಂದೆ ಹೇಳಿದ್ದಾರೆ. ಬರಿಗಾಲೇ ಅಡ್ಡಿಯಾಗಿದ್ದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತೀಯರು ಬರಿಗಾಲಲ್ಲಿ ಆಡಿದ್ದು ಹೇಗೆ? ಅಲ್ಲಿನ ಚಳಿಯಲ್ಲಿ ಯುಗೋಸ್ಲಾವಿಯಾ ಎದುರು 10-1ರಿಂದ ಸೋತ ಮೇಲೆಯೇ ನಮ್ಮ ಒಕ್ಕೂಟ ಬೂಟು ಕಡ್ಡಾಯ ಮಾಡಿದ್ದು.

ಈ ಕಥೆಗೆ ಕನ್ನಡನಾಡಿನ ನಂಟಿದೆ. 1948ರ ಜುಲೈ 31ರಂದು ಪೂರ್ವ ಲಂಡನ್ನಿನ ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು. ಎದುರಾಳಿ ಫ್ರಾನ್ಸ್. ಭಾರತದ ಬಹುತೇಕ ಆಟಗಾರರ ಕಾಲಲ್ಲಿ ಬೂಟಿರಲಿಲ್ಲ. ಎರಡು ಪೆನಾಲ್ಟಿ ಕೈತಪ್ಪಿದವು, ಕೊನೆಯ ಗಳಿಗೆಯ ಗೋಲಿನಿಂದ ಫ್ರಾನ್ಸ್ 2-1ರಿಂದ ಗೆದ್ದಿತು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ರಾಮನ್ ಇದ್ದ ಮೈಸೂರು ತಂಡ ಅದಕ್ಕೆ ಮೊದಲೇ ಸಂತೋಷ್ ಟ್ರೋಫಿ ಗೆದ್ದಿತ್ತು. ಅದಕ್ಕೂ ಹಿಂದೆ, 1937 ಮತ್ತು 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ತಂದಿತ್ತು. ಲಂಡನ್ನಿಗೆ ಹೋಗುವ ಕನ್ನಡಿಗರು ಇಲ್ಫರ್ಡ್‌ಗೂ ಒಮ್ಮೆ ಹೋಗಿ ಬರಲಿ ಎಂಬುದು ನನ್ನ ಆಸೆ. ಕ್ರಿಕಲ್‌ಫೀಲ್ಡ್ ಸೆವೆನ್ ಕಿಂಗ್ಸ್ ರೈಲು ನಿಲ್ದಾಣದ ಹತ್ತಿರವೇ ಇದೆ.

ತಪ್ಪು ಕಲ್ಪನೆ: ಫುಟ್‌ಬಾಲ್ ಪ್ರವಾಸಕ್ಕೆ ದುಡ್ಡು ಸುರಿಯಬೇಕು, ದೊಡ್ಡ ಪಂದ್ಯವೇ ಬೇಕು

ಪ್ರೀಮಿಯರ್ ಲೀಗ್‌ನ ದೊಡ್ಡ ಕ್ಲಬ್ಬುಗಳ ಟಿಕೆಟ್ ಬಹುಪಾಲು ಸದಸ್ಯರಿಗೇ ಹೋಗುತ್ತದೆ, ಉಳಿದದ್ದು ದುಬಾರಿ. ಕ್ರೀಡಾಂಗಣದ ಹೊರಗೆ ಯಾರೋ ಮಾರುವ ಟಿಕೆಟ್ ಕೊಳ್ಳಲೇಬೇಡಿ. ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡುವುದು ಇಂಗ್ಲೆಂಡಿನಲ್ಲಿ 1994ರ ಕಾಯ್ದೆಯಂತೆ ಅಪರಾಧ. ಆದರೆ ಲೀಗುಗಳ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಗೇಟಿನಲ್ಲೇ ಹಣ ಕೊಟ್ಟು ಒಳಗೆ ಹೋಗಬಹುದು. ಹ್ಯಾಲಮ್, ಶೆಫೀಲ್ಡ್ ಕ್ಲಬ್ಬುಗಳು ಆಡುವುದು ಅಲ್ಲಿಯೇ. ಗೆರೆಯ ಪಕ್ಕದ ಕಂಬಿಗೆ ಒರಗಿ ನಿಂತರೆ ಆಟಗಾರರು ಒಬ್ಬರನ್ನೊಬ್ಬರು ಕರೆಯುವುದು, ಬೂಟು ಚೆಂಡಿಗೆ ತಗುಲುವ ಸದ್ದು ಕಿವಿಗೆ ಬೀಳುತ್ತದೆ. ಪಕ್ಕದಲ್ಲಿ ನಿಂತ ವಯಸ್ಸಾದವರನ್ನು ಮಾತಿಗೆಳೆದರೆ ಕ್ಲಬ್ಬಿನ ಇಡೀ ಚರಿತ್ರೆ ಸಿಗುತ್ತದೆ. ಎಪ್ಪತ್ತು ಸಾವಿರ ಜನರ ನಡುವೆ ಮೇಲಿನ ಸಾಲಿನಲ್ಲಿ ಕೂತು ನೋಡುವುದಕ್ಕಿಂತ ನನಗೆ ಇದು ಹೆಚ್ಚು ಇಷ್ಟ.

ವಿಮಾನದ ಟಿಕೆಟ್ ಮಾಡಿಸುವ ಮುನ್ನ ಇನ್ನೊಂದು ವಿಷಯ ತಿಳಿದಿರಬೇಕು. ಮೇಲಿನ ಲೀಗುಗಳ ವೇಳಾಪಟ್ಟಿ ಪ್ರಕಟವಾದ ಮೇಲೂ ಟಿವಿ ಪ್ರಸಾರಕ್ಕಾಗಿ ಪಂದ್ಯ ಶನಿವಾರದಿಂದ ಭಾನುವಾರಕ್ಕೋ ಸೋಮವಾರ ರಾತ್ರಿಗೋ ಜರುಗಬಹುದು. ಹಾಗಾಗಿ ಎರಡು ದಿನ ಹೆಚ್ಚು ಇಟ್ಟುಕೊಳ್ಳಿ. ಪಂದ್ಯದ ದಿನ ಕ್ರೀಡಾಂಗಣ ತೋರಿಸುವ ಟೂರ್ ಸಾಮಾನ್ಯವಾಗಿ ಇರುವುದಿಲ್ಲ ಅಥವಾ ಮೊಟಕಾಗಿರುತ್ತದೆ. ಕೆಳ ಲೀಗುಗಳಲ್ಲಿ ಚಳಿಗಾಲದ ಮಳೆ, ಹಿಮಕ್ಕೆ ಪಂದ್ಯ ಬೆಳಿಗ್ಗೆಯೇ ರದ್ದಾಗುವುದೂ ಉಂಟು. ಹೊರಡುವ ಮುನ್ನ ಕ್ಲಬ್ಬಿನ ಪ್ರಕಟಣೆ ನೋಡಬೇಕು. ಆಶ್‌ಬರ್ನಿನ ದಿನ ಈಸ್ಟರ್ ಜೊತೆ ಬದಲಾಗುತ್ತದೆ: ಈಸ್ಟರ್ ಭಾನುವಾರದಿಂದ 47 ದಿನ ಹಿಂದಕ್ಕೆ ಎಣಿಸಿದರೆ ಶ್ರೋವ್ ಟ್ಯೂಸ್‌ಡೇ. 2027ರಲ್ಲಿ ಅದು ಫೆಬ್ರವರಿ 9. ಪಟ್ಟಣ ಚಿಕ್ಕದು, ರೈಲು ನಿಲ್ದಾಣವಿಲ್ಲ. ಡರ್ಬಿಯಲ್ಲಿ ಉಳಿದುಕೊಂಡು ಬಸ್ಸಿನಲ್ಲಿ ಹೋಗುವುದು ಸುಲಭ. ಹಳೆಯ ಬೂಟು, ಒದ್ದೆಯಾದರೆ ಬದಲಿಸಲು ಒಂದು ಜೊತೆ ಬಟ್ಟೆ ಜೊತೆಗಿರಲಿ.